ಹತ್ತು ವರ್ಷ ಆಗಿಲ್ಲ ಪೆನ್ಷನ್ ಬರಲ್ಲ ಅಂದ್ರು, ಆದ್ರೂ ಮಕ್ಕಳಿಗೆ ಅವರಮ್ಮನ ಪೆನ್ಷನ್ ಬಂತು

ನನ್ನ ಹೆಂಡ್ತಿ ಗಾರ್ಮೆಂಟ್ಸಲ್ಲಿ ಟೈಲರ್ ಆಗಿದ್ಲು. ಆರು ವರ್ಷದ ಮೇಲೆ ಒಂದಿಷ್ಟು ತಿಂಗಳು ಕೆಲಸ ಮಾಡಿದ್ಲು, ಕೊನೆಗೆ ಎರಡು ತಿಂಗಳು ಕಾಯಿಲೆ ಬಿದ್ದು ರಜೆ ಹಾಕಿದ್ಲು, ಮತ್ತೆ ಎದ್ದೇಳಲೇ ಇಲ್ಲ. ಮಗಳಿಗೆ ಆಗ 11 ವರ್ಷ, ಮಗನಿಗೆ 6. ತಿಥಿ ಎಲ್ಲಾ ಮುಗಿದ್ಮೇಲೆ ಕಂಪನಿಗೆ ಹೋದೆ, ಎಚ್‌ಆರಲ್ಲಿ ಇದ್ದೋರು ಪಿಎಫ್ ದುಡ್ಡು ಬರುತ್ತೆ ಫಾರ್ಮ್ ಕೊಡಿ ಅಂದ್ರು. ಪೆನ್ಷನ್ ಅಂತ ಏನಾದ್ರೂ ಇದೆಯಾ ಸಾರ್ ಮಕ್ಕಳಿದಾರೆ ಅಂತ ಕೇಳ್ದೆ. ಹತ್ತು ವರ್ಷ ಸರ್ವೀಸ್ ಆಗಿಲ್ವಲ್ಲ, ಅದೂ ಅಲ್ದೆ ಹೆಂಡ್ತಿ ಸತ್ರೆ ಗಂಡನಿಗೆ ಯಾವ ಪೆನ್ಷನ್ ಬರುತ್ತೆ ಅಂದ್ಬಿಟ್ರು. ನಾನೂ ನಂಬ್ಕೊಂಡು ಎದ್ದು ಬಂದೆ, ಆ ಹೊತ್ತಲ್ಲಿ ಜಗಳ ಮಾಡೋ ಶಕ್ತಿನೂ ಇರ್ಲಿಲ್ಲ.

ಎರಡೂ ಮಾತು ತಪ್ಪು. ಇದನ್ನ ನಂಗೆ ಹೇಳಿದ್ದು ಅವಳ ಜೊತೆ ಅದೇ ಲೈನಲ್ಲಿ ಕೂತು ಹೊಲೀತಿದ್ದ ಒಬ್ಬ ಅಕ್ಕ, ಯೂನಿಯನ್ ಕೆಲಸದಲ್ಲಿ ಓಡಾಡ್ತಿದ್ದೋರು. ಮನೆಗೆ ಮಾತಾಡ್ಸೋಕೆ ಬಂದೋರು ಕಾಫಿ ಲೋಟ ಕೆಳಗಿಟ್ಟು ಹೇಳಿದ್ರು, ಹತ್ತು ವರ್ಷದ ರೂಲ್ ಇರೋದು ಬದುಕಿದ್ದು ವಯಸ್ಸಾಗಿ ಪೆನ್ಷನ್ ತಗೊಳೋರಿಗೆ ಕಣಪ್ಪಾ, ಕೆಲಸದಲ್ಲಿದ್ದಾಗಲೇ ತೀರ್ಕೊಂಡೋರ ಮನೆಯೋರಿಗೆ ಅಲ್ಲ. ಆಮೇಲೆ ಕೂತು ಓದಿ ನೋಡ್ದೆ, ನಿಜ. 1995ರ ನೌಕರರ ಪಿಂಚಣಿ ಯೋಜನೆ, ಇಪಿಎಸ್ ಅಂತಾರಲ್ಲ ಅದು, ಅದ್ರಲ್ಲಿ ಕೆಲಸದಲ್ಲಿರೋವಾಗ ಸತ್ರೆ ಒಂದೇ ಒಂದು ತಿಂಗಳು ಪೆನ್ಷನ್ ಫಂಡಿಗೆ ದುಡ್ಡು ಕಟ್ಟಿದ್ರೂ ಸಾಕು, ಕುಟುಂಬಕ್ಕೆ ಪೆನ್ಷನ್ ಬರುತ್ತೆ. ಗಂಡ ಸತ್ರೆ ಹೆಂಡ್ತಿಗೆ, ಹೆಂಡ್ತಿ ಸತ್ರೆ ಗಂಡನಿಗೆ, ಅದ್ರ ಜೊತೆಗೇ ಮಕ್ಕಳಿಗೆ ಬೇರೆಯಾಗಿ. ಅವಳು ಆರು ವರ್ಷ ದುಡಿದಿದ್ಲು. ಆರು ವರ್ಷ!

ಆ ದುಡ್ಡು ಎಲ್ಲಿಂದ ಬಂತು ಅಂತ ಸುಮಾರು ಜನಕ್ಕೆ ಗೊತ್ತಿಲ್ಲ, ನಂಗೂ ಗೊತ್ತಿರ್ಲಿಲ್ಲ. ಸಂಬಳದಲ್ಲಿ ನಮ್ಮ ಕಡೆಯಿಂದ 12% ಕಟ್ ಆಗುತ್ತೆ, ಕಂಪನಿನೂ 12% ಹಾಕುತ್ತೆ, ಆ ಕಂಪನಿ ಹಾಕೋದ್ರಲ್ಲಿ 8.33% ಪೆನ್ಷನ್ ಫಂಡಿಗೆ ಹೋಗುತ್ತೆ, ಸಂಬಳ 15,000 ದಾಟಿದ್ರೂ 15,000ದ ಲೆಕ್ಕದಲ್ಲೇ. ಪಿಎಫ್ ಪಾಸ್‌ಬುಕ್ಕಲ್ಲಿ ಮೂರನೇ ಕಾಲಮ್ ಒಂದಿರುತ್ತಲ್ಲ, ಅದೇ ಇದು. ಪಿಎಫ್ ಬ್ಯಾಲೆನ್ಸ್ ವಾಪಸ್ ತಗೊಂಡಾಗ ಆ ಕಾಲಮ್ಮಿನ ದುಡ್ಡು ಅದ್ರಲ್ಲಿ ಸೇರಿರಲ್ಲ, ತೀರ್ಕೊಂಡೋರ ಮನೆಯೋರಿಗೆ ಅದು ಪೆನ್ಷನ್ನಾಗೇ ಬರಬೇಕು, ನಾವು ಕೇಳದಿದ್ರೆ ಯಾರೂ ಮನೆಗೆ ತಂದು ಕೊಡಲ್ಲ. ಪಿಎಫ್ ಬಂತು ಮುಗೀತು ಅಂತ ಸುಮ್ನಾದೋರು ಎಷ್ಟು ಜನ ಇದಾರೋ ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ ನಂಗೆ.

ಎಷ್ಟು ಬರುತ್ತೆ ಅಂದ್ರೆ, ಗಂಡ ಅಥವಾ ಹೆಂಡ್ತಿಗೆ ಬರೋದು ಸಂಬಳ ಮತ್ತೆ ಸರ್ವೀಸಿನ ಮೇಲೆ ಲೆಕ್ಕ, ತಿಂಗಳಿಗೆ 1,000ಕ್ಕಿಂತ ಕಮ್ಮಿ ಮಾಡಂಗಿಲ್ಲ. ಅದ್ರ 25% ಒಂದೊಂದು ಮಗುಗೆ, ಕಮ್ಮಿ ಅಂದ್ರೂ 250, ಒಂದ್ಸಲಕ್ಕೆ ಇಬ್ಬರು ಮಕ್ಕಳಿಗೆ, 25 ವರ್ಷ ತುಂಬೋವರೆಗೆ. ಮೂರನೇ ಮಗು ಇದ್ರೆ ದೊಡ್ಡದಕ್ಕೆ 25 ಆದ್ಮೇಲೆ ಅದ್ರ ಸರದಿ ಬರುತ್ತೆ. ಪೂರ್ತಿ ಅಂಗವಿಕಲತೆ ಇರೋ ಮಗು ಆದ್ರೆ ವಯಸ್ಸಿನ ಮಿತಿ ಇಲ್ಲ, ಜೀವನಪೂರ್ತಿ. ಅಪ್ಪ ಅಮ್ಮ ಇಬ್ರೂ ಇಲ್ಲದ ಮಕ್ಕಳಿಗೆ 25% ಅಲ್ಲ, 75%, ಕಮ್ಮಿ ಅಂದ್ರೆ 750. ದೊಡ್ಡ ಮೊತ್ತ ಅಲ್ಲ, ಗೊತ್ತು. ಆದ್ರೆ 6 ವರ್ಷದ ಹುಡುಗನಿಗೆ 25 ಆಗೋವರೆಗೆ 19 ವರ್ಷ, ಪ್ರತಿ ತಿಂಗಳು. ನೋಟ್‌ಬುಕ್ಕು, ಬಸ್ ಪಾಸು, ಶೂ, ಇದಕ್ಕೆ ಯಾರ ಮುಂದೆನೂ ಕೈ ಚಾಚಬೇಕಿಲ್ಲ.

ಸರಿ, ಕೆಲಸಕ್ಕೆ ಬರ್ತೀನಿ. ಮೊದಲನೇದು ಮರಣ ಪ್ರಮಾಣಪತ್ರ. 21 ದಿನದೊಳಗೆ ನೋಂದಣಿ ಆದ್ರೆ ರಗಳೆ ಇಲ್ಲ, ಆಸ್ಪತ್ರೆಯಲ್ಲಿ ತೀರ್ಕೊಂಡ್ರೆ ಅವರೇ ಕಳಿಸ್ತಾರೆ, ಆದ್ರೆ ಅವರು ಬರ್ಕೊಳೋವಾಗ ಆಧಾರ್ ಕಾರ್ಡ್ ಕೈಲಿ ಹಿಡ್ಕೊಂಡು ನಿಂತು ಅಕ್ಷರ ಅಕ್ಷರ ನೋಡಿ ಬರೆಸಿ. ನಾನು ನೋಡ್ಲಿಲ್ಲ. ಆ ಹೊತ್ತಲ್ಲಿ ಯಾರು ನೋಡ್ತಾರೆ ಹೇಳಿ. ಅದ್ರ ಫಲ ಏನಾಯ್ತು ಅಂದ್ರೆ ಆಧಾರಲ್ಲಿ ಒಂದು ಹೆಸರು, ಪಿಎಫ್ ದಾಖಲೆಯಲ್ಲಿ ಹೆಸರಿನ ಕೊನೆಗೆ ಒಂದು 'ಅಮ್ಮ' ಸೇರ್ಕೊಂಡಿದೆ, ಮರಣ ಪತ್ರದಲ್ಲಿ ಇನಿಷಿಯಲ್ಲೇ ಇಲ್ಲ, ಮಗಳ ಶಾಲೆ ದಾಖಲೆಯಲ್ಲಿ ಅವಳನ್ನ ನಾವು ಮನೇಲಿ ಕರೀತಿದ್ದ ಹೆಸರು. ಒಬ್ಳೇ ಹೆಂಗಸು, ಕಾಗದದಲ್ಲಿ ನಾಲ್ಕು ಜನ ಆಗೋದ್ಲು.

ನನ್ನ ಮೊದಲ ಅರ್ಜಿ ವಾಪಸ್ ಬಂದಿದ್ದು ಇದಕ್ಕೇ. ತೀರ್ಕೊಂಡೋರ ಆಧಾರ್ ತಿದ್ದೋಕಾಗಲ್ಲ, ಅದಕ್ಕೆ ಉಳಿದಿದ್ದೆಲ್ಲಾ ಆಧಾರಿಗೆ ಸರಿಹೊಂದಿಸಬೇಕು. ಪಿಎಫ್ ದಾಖಲೆ ತಿದ್ದೋಕೆ ಜಾಯಿಂಟ್ ಡಿಕ್ಲರೇಷನ್ ಅಂತ ಫಾರ್ಮ್ ಇದೆ, ಅವರ ಪರವಾಗಿ ಮನೆಯೋರು ಸೈನ್ ಹಾಕಿ ಕಂಪನಿ ಸೈನ್ ಸೀಲ್ ಹಾಕ್ಸಿ ಕೊಡಬೇಕು. ಮರಣ ಪತ್ರ ತಿದ್ದುಪಡಿ ಎಲ್ಲಿ ನೋಂದಣಿ ಆಗಿದ್ಯೋ ಅಲ್ಲೇ. ಮಗನ ಜನನ ಪತ್ರ ತೆಗೆದು ನೋಡಿದ್ರೆ ಹೆಸರೇ ಇಲ್ಲ, ಗಂಡು ಮಗು ಅಂತ ಮಾತ್ರ ಇದೆ, ಹೆರಿಗೆ ಆದಾಗ ಹೆಸರಿಟ್ಟಿರಲಿಲ್ಲ ಆಮೇಲೆ ಯಾರೂ ಹೋಗಿ ಸೇರಿಸಿಲ್ಲ. ಅದನ್ನ ಹುಟ್ಟಿ 15 ವರ್ಷದೊಳಗೆ ಸೇರಿಸ್ಕೋಬಹುದು, ಸೇರಿಸ್ದೆ. ಇದೆಲ್ಲಾ ಮಾಡಿದ್ಮೇಲೇ ಬ್ಯಾಂಕಿಗೆ ಹೋಗಿ, ಯಾಕಂದ್ರೆ ಮಕ್ಕಳ ಹೆಸರಲ್ಲಿ ಬೇರೆಬೇರೆ ಅಕೌಂಟ್ ಮಾಡಿಸೋದೇ ಒಳ್ಳೇದು, ಗಾರ್ಡಿಯನ್ ಜಾಗದಲ್ಲಿ ನಮ್ಮ ಹೆಸರು, ಅಲ್ಲೂ ಆಧಾರಲ್ಲಿದ್ದಂಗೇ ಹೆಸರು ಬರಬೇಕು. ನಾನು ಉಲ್ಟಾ ಮಾಡಿ ಅಕೌಂಟು ಎರಡು ಸಲ ತಿದ್ದಿಸ್ದೆ.

ಎರಡನೇ ಪೆಟ್ಟು ಇನ್ನೂ ಜೋರಾಗಿತ್ತು. ಅವಳು ಎರಡು ತಿಂಗಳು ರಜೆಯಲ್ಲಿದ್ಲಲ್ಲ, ಕಂಪನಿಯೋರು ಆನ್‌ಲೈನಲ್ಲಿ ಅವಳ ಎಕ್ಸಿಟ್ ಡೇಟ್ ಹಾಕೋವಾಗ ಕಾರಣದ ಜಾಗದಲ್ಲಿ ಕೆಲಸ ಬಿಟ್ಟಿದ್ದಾರೆ ಅಂತ ಹಾಕ್ಬಿಟ್ಟಿದ್ರು, ಅದೂ ಅವಳು ತೀರ್ಕೊಳೋಕೆ ಎರಡು ತಿಂಗಳ ಹಿಂದಿನ ತಾರೀಕಿಗೆ. ನೋಡಿದ್ರೆ ಸಣ್ಣ ತಪ್ಪು, ಆದ್ರೆ ಇದ್ರಿಂದ ಏನಾಗುತ್ತೆ ಅಂದ್ರೆ ಕೆಲಸದಲ್ಲಿದ್ದಾಗ ಸಾವು ಅಂತ ಲೆಕ್ಕಕ್ಕೇ ಬರಲ್ಲ, ಇಡಿಎಲ್‌ಐ ಅನ್ನೋ ಇನ್ಶೂರೆನ್ಸಿಗೆ ಅಲ್ಲೇ ಕಲ್ಲು ಬೀಳುತ್ತೆ. ಆ ಇನ್ಶೂರೆನ್ಸಿಗೆ ಕೆಲಸಗಾರರ ಸಂಬಳದಿಂದ ಒಂದು ಪೈಸೆ ಕಟ್ ಆಗಲ್ಲ, ಕಂಪನಿನೇ ಕಟ್ಟುತ್ತೆ, ಅದಕ್ಕೇ ಯಾರಿಗೂ ಅದ್ರ ಸುಳಿವೇ ಇರಲ್ಲ. ಕೊನೆ 12 ತಿಂಗಳ ಸರಾಸರಿ ಸಂಬಳದ 35 ಪಟ್ಟು, ಅದ್ರಲ್ಲೂ 15,000ದ ಮಿತಿ ಇದೆ, ಅದ್ರ ಮೇಲೆ ಪಿಎಫ್ ಬ್ಯಾಲೆನ್ಸ್ ಸರಾಸರಿಯ ಅರ್ಧ, ಆ ಅರ್ಧ 1.75 ಲಕ್ಷ ಮೀರಂಗಿಲ್ಲ, ಎಲ್ಲಾ ಸೇರಿ ಜಾಸ್ತಿ ಅಂದ್ರೆ 7 ಲಕ್ಷ. ಸಂಬಳ 11,000 ಅಂತ ಇಟ್ಕೊಳಿ, 35 ಪಟ್ಟು ಅಂದ್ರೇನೇ 3,85,000 ಆಯ್ತು. ಒಂದು ತಪ್ಪು ಟಿಕ್ಕಿಂದ ಮಕ್ಕಳ ಕೈಯಿಂದ ಇಷ್ಟು ಜಾರ್ತಿತ್ತು.

ನಾನು ಏನು ಮಾಡ್ದೆ ಅಂದ್ರೆ ಅವಳ ಫೋನ್ ತೆಗೆದೆ. ಸೂಪರ್‌ವೈಸರಿಗೆ ಹುಷಾರಿಲ್ಲ ರಜೆ ಬೇಕು ಅಂತ ವಾಟ್ಸಾಪಲ್ಲಿ ಕಳಿಸಿದ್ದ ಮೆಸೇಜು, ಅವರು ಸರಿ ಅಂದಿದ್ದು, ಆಸ್ಪತ್ರೆ ಚೀಟಿ ಫೋಟೋ ಹಾಕಿದ್ದು ಎಲ್ಲಾ ಇತ್ತು. ಓದೋವಾಗ ಕಣ್ಣು ಮಂಜಾಗ್ತಿತ್ತು, ಆದ್ರೂ ಒಂದೊಂದೂ ಪ್ರಿಂಟ್ ತೆಗೆಸ್ದೆ. ರಾಜೀನಾಮೆ ಪತ್ರ ಇದ್ರೆ ತೋರ್ಸಿ ಅಂತ ಕಂಪನಿಗೆ ಲಿಖಿತವಾಗಿ ಕೊಟ್ಟೆ, ಸ್ವೀಕೃತಿ ಸೀಲ್ ಹಾಕಿಸ್ಕೊಂಡೆ. ಇಲ್ದಿರೋದನ್ನ ಅವರು ಎಲ್ಲಿಂದ ತೋರಿಸ್ತಾರೆ, ಕೊನೆಗೆ ಕಾರಣನ ಸೇವೆಯಲ್ಲಿದ್ದಾಗ ಮರಣ ಅಂತ ತಿದ್ದಿ ತಾರೀಕೂ ಸರಿ ಮಾಡಿದ್ರು. ಅದಕ್ಕೇ ಹೇಳ್ತಿರೋದು, ತೀರ್ಕೊಂಡೋರ ಸಿಮ್ ಬಂದ್ ಮಾಡಿಸ್ಬೇಡಿ, ಎಲ್ಲಾ ಮುಗಿಯೋವರೆಗೆ ರೀಚಾರ್ಜ್ ಮಾಡಿಸ್ತಾ ಇರಿ. ಮನೇಲಿ ಕೆಲವರು ಆ ನಂಬರ್ ಯಾಕಿನ್ನೂ ಇಟ್ಕೊಂಡಿದೀಯ ಅಂತ ಬೈದ್ರು ನಂಗೆ.

ಅವಳು ನಾಮಿನೇಷನ್ ತುಂಬಿರ್ಲಿಲ್ಲ. ಆನ್‌ಲೈನಲ್ಲಿ ಇ-ನಾಮಿನೇಷನ್ ಮಾಡಿದ್ರೆ ಕ್ಲೇಮ್ ಕೂಡ ಆನ್‌ಲೈನಲ್ಲೇ ಹಾಕ್ಬಹುದಿತ್ತು, ಇಲ್ಲದಕ್ಕೆ ಕಾಗದದ ಮೇಲೆ ಹೋದೆ. ನಾಡಕಚೇರಿಯಲ್ಲಿ ಬದುಕಿರೋ ಕುಟುಂಬ ಸದಸ್ಯರ ದೃಢೀಕರಣ ಪತ್ರ ಮಾಡಿಸ್ದೆ. ಪಿಎಫ್ ದುಡ್ಡು ನಾಮಿನಿ ಇಲ್ಲದಿದ್ರೆ ಕುಟುಂಬದೋರಿಗೆ ಸಮ ಪಾಲು, ಅವಳ ಅಪ್ಪ ಅಮ್ಮ ಮುಂಚೆನೇ ಇರ್ಲಿಲ್ಲ, ಹಂಗಾಗಿ ನಾನು ಮತ್ತೆ ಇಬ್ಬರು ಮಕ್ಕಳು ಅಂತ ಮೂರು ಪಾಲಾಯ್ತು. ಮಕ್ಕಳ ಪಾಲನ್ನ ಅವರ ಹೆಸರಲ್ಲೇ ಎಫ್‌ಡಿ ಇಟ್ಟಿದೀನಿ. ನನ್ನ ಸಾಲ ತೀರಿಸೋಕೆ ಅದನ್ನ ಮುಟ್ಟು ಅಂದೋರಿದ್ರು, ಆಸ್ಪತ್ರೆ ಸಾಲ ಇತ್ತು ನಿಜ, ಆದ್ರೆ ಅದು ನನ್ನ ದುಡ್ಡಲ್ಲ.

ಫಾರ್ಮ್ ವಿಷಯ ಜಾಸ್ತಿ ಏನಿಲ್ಲ. ಪಿಎಫ್‌ಗೆ ಫಾರ್ಮ್ 20, ಇನ್ಶೂರೆನ್ಸಿಗೆ 5 ಐಎಫ್, ಪೆನ್ಷನ್ನಿಗೆ 10ಡಿ, ಈ ಮೂರನ್ನೂ ಸೇರಿಸಿ ಮರಣದ ಕೇಸಿಗೆ ಅಂತ ಒಂದೇ ಕಾಂಪೋಸಿಟ್ ಫಾರ್ಮ್ ಇದೆ. ಅದ್ರಲ್ಲಿ ಪೆನ್ಷನ್ ಭಾಗ ಖಾಲಿ ಬಿಟ್ಟು ಕೊಡೋಕೆ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. ಫೋಟೋ, ಪಾಸ್‌ಬುಕ್ ಕಾಪಿ, ಮಕ್ಕಳ ಜನನ ಪತ್ರ, ಆಧಾರ್, ಎಲ್ಲದ್ರದೂ ಎರಡೆರಡು ಸೆಟ್. ಕೊಟ್ಟ ದಿನ ಸ್ವೀಕೃತಿ ತಗೊಳಿ. ತಡ ಆಯ್ತು ಅಂತ ಎದೆ ಒಡ್ಕೋಬೇಡಿ, ಪೆನ್ಷನ್ ಸಾವಿನ ಮಾರನೇ ದಿನದಿಂದ ಲೆಕ್ಕ, ಮಂಜೂರು ಆದಾಗ ಹಿಂದಿನದೂ ಸೇರಿ ಬರುತ್ತೆ. ನನ್ನದು ಎಷ್ಟು ದಿನ ಆದ್ರೂ ಅಲ್ಲಾಡ್ಲಿಲ್ಲ, ಆನ್‌ಲೈನ್ ದೂರು ಹಾಕ್ದೆ, ಆಮೇಲೆ ಪ್ರತಿ ತಿಂಗಳು 27ನೇ ತಾರೀಕು ನಿಧಿ ಆಪ್ಕೆ ನಿಕಟ್ ಅಂತ ಪಿಎಫ್‌ನೋರು ಜಿಲ್ಲೆಗಳಲ್ಲಿ ಕೂರ್ತಾರಲ್ಲ ಅಲ್ಲಿಗೆ ಫೈಲ್ ಎತ್ಕೊಂಡು ಹೋದೆ. ಅಲ್ಲಿದ್ದ ಮೇಡಂ ಒಬ್ರು ಕೂರ್ಸಿ ಕಾಗದ ಪೂರ್ತಿ ನೋಡಿ, ಮಗಳ ಜನನ ಪತ್ರದ ಕಾಪಿ ಮಸುಕಾಗಿದೆ ಅಷ್ಟೇ ಅಂದ್ರು. ಅಷ್ಟೇ! ಹೊಸದು ಕೊಟ್ಟೆ, ಆಮೇಲೆ ಪಿಪಿಒ, ಅಂದ್ರೆ ಪೆನ್ಷನ್ ಕೊಡೋ ಆದೇಶ ಬಂತು, ಮೂರು ಹೆಸರೂ ಇತ್ತು ಅದ್ರಲ್ಲಿ.

ವರ್ಷಕ್ಕೊಂದ್ಸಲ ಜೀವನ ಪ್ರಮಾಣ, ಅಂದ್ರೆ ಬದುಕಿದೀವಿ ಅನ್ನೋ ಪ್ರಮಾಣಪತ್ರ ಕೊಡಬೇಕು, ನಂದೂ ಮಕ್ಕಳದೂ, ಕೊಟ್ಟ ದಿನದಿಂದ 12 ತಿಂಗಳು ನಡೆಯುತ್ತೆ, ಮರೆತ್ರೆ ಪೆನ್ಷನ್ ನಿಲ್ಲುತ್ತೆ. ಇನ್ನೊಂದು, ಇದನ್ನ ಮುಚ್ಚಿಡಬಾರ್ದು. ಮನೇಲಿ ಮಕ್ಕಳು ಚಿಕ್ಕೋರು ಇನ್ನೊಂದು ಮದುವೆ ಆಗು ಅಂತ ಹೇಳ್ತಾನೇ ಇರ್ತಾರೆ. ಮದುವೆ ಆದ್ರೆ ನನ್ನ ಪೆನ್ಷನ್ ನಿಲ್ಲುತ್ತೆ, ಅದನ್ನ ನಾನೇ ತಿಳಿಸಬೇಕು. ಮಕ್ಕಳದು ನಿಲ್ಲಲ್ಲ, ತಬ್ಬಲಿ ಮಕ್ಕಳ ದರಕ್ಕೆ ಏರುತ್ತೆ. ಅದಕ್ಕೇ ಗಂಡ ಸತ್ತ ಹೆಣ್ಮಕ್ಕಳಿಗೆ, ಮದುವೆ ಆದ್ರೆ ಮಕ್ಕಳ ದುಡ್ಡೂ ಹೋಗುತ್ತೆ ಅಂತ ಹೆದರಿಸೋರ ಮಾತು ಕೇಳ್ಬೇಡಿ.

ಪಿಎಫ್ ಇಲ್ಲದ ಮನೆಯೋರು ಏನು ಮಾಡ್ಬೇಕು ಅಂತ ಕೇಳ್ತಾರೆ. ತಂದೆ ತೀರ್ಕೊಂಡು ತಾಯಿ ಒಬ್ರೇ ಸಾಕ್ತಿದ್ರೆ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವ ಅನ್ನೋ ಸಹಾಯಧನ ಇದೆ, ಒಂದು ಮಗುಗೆ ತಿಂಗಳಿಗೆ 4,000, ವರ್ಷದ ಆದಾಯ ಹಳ್ಳಿಯಲ್ಲಿ 72,000 ಬೇರೆ ಕಡೆ 96,000 ಮೀರಬಾರ್ದು, ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಬ್ಯಾಂಕ್ ಪಾಸ್‌ಬುಕ್ಕಲ್ಲಿ ವರ್ಷಕ್ಕೊಂದ್ಸಲ 436 ಅಥವಾ 20 ರೂಪಾಯಿ ಕಟ್ ಆಗಿದ್ಯಾ ನೋಡಿ, 436 ಆಗಿದ್ರೆ ಜೀವನ್ ಜ್ಯೋತಿ ಅನ್ನೋ ಜೀವ ವಿಮೆ, 20 ಆಗಿದ್ರೆ ಅಪಘಾತಕ್ಕೆ ಮಾತ್ರ ಸುರಕ್ಷಾ ಬಿಮಾ, ಎರಡರಲ್ಲೂ ತಲಾ 2 ಲಕ್ಷ ಇದೆ, ಬ್ಯಾಂಕಲ್ಲಿ ಕೇಳಿ.

ನಮ್ಮ ಬೀದೀಲೇ ಒಬ್ರು ಇದಾರೆ, ಗಂಡ ಫ್ಯಾಕ್ಟರಿಯಲ್ಲಿ ಎರಡು ವರ್ಷ ಮಾತ್ರ ಕೆಲಸ ಮಾಡಿ ತೀರ್ಕೊಂಡ್ರು, ಅವರಿಗೂ ಅದೇ ಹತ್ತು ವರ್ಷದ ಮಾತು ಹೇಳಿ ಕಳಿಸಿದಾರೆ. ಸೋಮವಾರ ಅವರ ಜೊತೆ ನಾಡಕಚೇರಿಗೆ ಹೋಗ್ತಿದೀನಿ, ಗಂಡನ ಆಧಾರಿಗೂ ಮರಣ ಪತ್ರಕ್ಕೂ ಇನಿಷಿಯಲ್ ಬೇರೆ ಇದೆ, ಅದನ್ನ ಮೊದಲು ಸರಿ ಮಾಡಿಸ್ಬೇಕು.