ನಲವತ್ತರ ಹತ್ತಿರ ಶುರುವಾದ ಭಾನುವಾರದ ಫುಟ್‌ಬಾಲ್

ಬೆಂಗಳೂರಲ್ಲಿ ಫುಟ್‌ಬಾಲ್ ಅಂದರೆ ಆಸ್ಟಿನ್ ಟೌನ್, ಹಲಸೂರಿನ ಗೌತಮಪುರ. ಗೌತಮಪುರದಲ್ಲಂತೂ ಪೆಲೆಯ ಪ್ರತಿಮೆಯೇ ಇದೆ. ನಾನು ಬನಶಂಕರಿ ಕಡೆಯವನು, ನಮ್ಮ ಬೀದಿಯಲ್ಲಿ ಇದ್ದದ್ದು ಟೆನಿಸ್ ಬಾಲ್ ಕ್ರಿಕೆಟ್ ಒಂದೇ. ಫುಟ್‌ಬಾಲ್ ಕಾಲಿಗೆ ಸಿಕ್ಕಿದ್ದು ನಲವತ್ತರ ಹತ್ತಿರ, ಆಫೀಸಿನವರು ಕೆಲವರು ಅಪಾರ್ಟ್‌ಮೆಂಟಿನವರು ಕೆಲವರು ಸೇರಿ ಭಾನುವಾರ ಬೆಳಿಗ್ಗೆ ಆರಕ್ಕೆ ಒಂದು ಟರ್ಫ್ ಬುಕ್ ಮಾಡತೊಡಗಿದ ಮೇಲೆ. ಆರೇ ಯಾಕೆ ಅಂದರೆ, ಬಿಸಿಲೇರಿದರೆ ಪ್ಲಾಸ್ಟಿಕ್ ಹುಲ್ಲು ಕಾದು ಪಾದ ಸುಡುತ್ತದೆ. ಮನೆಯವರು ಏಳುವಷ್ಟರಲ್ಲಿ ವಾಪಸ್ ಬಂದಿರಬಹುದು ಅನ್ನುವುದೂ ಇದೆ ಅನ್ನಿ.

ಜನ ಸೇರಿಸುವುದೇ ದೊಡ್ಡ ಕೆಲಸ. ಗುರುವಾರ ಗ್ರೂಪಿನಲ್ಲಿ ಎಲ್ಲರೂ ಕೈ ಎತ್ತುತ್ತಾರೆ, ಭಾನುವಾರ ಅರ್ಧ ಜನ ನಾಪತ್ತೆ. ಈಗ ಮೊದಲೇ ದುಡ್ಡು ಹಾಕಿದವರ ಹೆಸರು ಮಾತ್ರ ಪಟ್ಟಿಗೆ. ಶನಿವಾರ ಸಂಜೆಯ ಮೇಲೆ ಕೈ ಕೊಟ್ಟರೆ ಬದಲಿಯನ್ನು ಅವರೇ ಹುಡುಕಬೇಕು.

ಇನ್ನು ಗೋಲಿ, ಅಂದರೆ ಗೋಲ್‌ಕೀಪರ್. ಅಲ್ಲಿ ನಿಲ್ಲಲು ಯಾರಿಗೂ ಇಷ್ಟವಿಲ್ಲ. ತುಂಬಾ ಕಡೆ ಗೋಲು ಬಿಟ್ಟವನು ಹೊರಗೆ ಬರುವ ಪದ್ಧತಿ ಇದೆ. ಆಗ ಬೇಗ ಹೊರಬರಬೇಕು ಅನ್ನುವವನು ಸುಮ್ನೆ ಒಂದು ಚೆಂಡು ಬಿಟ್ಟುಬಿಡುತ್ತಾನೆ, ಅಲ್ವಾ? ನಾವು ಫೋನಿನಲ್ಲಿ 7 ನಿಮಿಷದ ಅಲಾರಂ ಇಡುತ್ತೇವೆ. ಹೊಡೆದುಕೊಂಡರೆ ಗೋಲಿ ಬದಲು. ತಂಡಕ್ಕೆ ಏಳು ಜನ, ಎಲ್ಲರ ಸರದಿ ಮುಗಿಯಲು 49 ನಿಮಿಷ, ನೀರು ಕುಡಿಯುವುದೂ ಸೇರಿ ಒಂದು ಗಂಟೆಯ ಸ್ಲಾಟಿಗೆ ಸರಿಹೋಗುತ್ತದೆ. ಏದುಸಿರು ಬಿಡುವವರಿಗೆ ಆ ಹೊತ್ತೇ ವಿಶ್ರಾಂತಿ. ಈಗ ಕೆಲವರು ಸರದಿಗೆ ಮುಂಚೆಯೇ ಕೇಳಿಕೊಂಡು ಹೋಗಿ ನಿಲ್ಲುತ್ತಾರೆ!

ಮೈಯ ವಿಷಯ. ಕಾರಿನಿಂದ ಇಳಿದವರೇ ಚೆಂಡಿನ ಹಿಂದೆ ಓಡಿದರೆ ಮೀನಖಂಡ ಇಲ್ಲವೇ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹಿಡಿಯುವುದು ಗ್ಯಾರಂಟಿ. ಫಿಫಾದ್ದೇ 11+ ಅನ್ನುವ ವಾರ್ಮ್‌ಅಪ್ ಇದೆ: ನಿಧಾನ ಓಟ, ಬಲ ಮತ್ತು ಬ್ಯಾಲೆನ್ಸಿನ ವ್ಯಾಯಾಮ, ಮತ್ತೆ ಜೋರು ಓಟ, ಒಟ್ಟು ಸುಮಾರು 20 ನಿಮಿಷ. ನಮ್ಮವರಿಗೆ ಅಷ್ಟು ತಾಳ್ಮೆ ಇಲ್ಲ. ಅರ್ಧಕ್ಕೆ ಇಳಿಸಿದ್ದೇನೆ, ಆದರೆ ಅದರಲ್ಲಿನ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ಅನ್ನುವ ವ್ಯಾಯಾಮ ಬಿಟ್ಟಿಲ್ಲ. ಮಂಡಿಯೂರಿ ಕೂತು, ಹಿಂದೆ ಒಬ್ಬರು ಹಿಮ್ಮಡಿ ಒತ್ತಿ ಹಿಡಿದಿರುವಾಗ, ಬೆನ್ನು ಬಾಗಿಸದೆ ನಿಧಾನಕ್ಕೆ ಮುಂದಕ್ಕೆ ಬೀಳುವುದು. ಮೊದಮೊದಲು ತೊಡೆಯ ಹಿಂಭಾಗ ಜಾಸ್ತಿ ನೋಯುತ್ತದೆ. ಅದಕ್ಕೇ ಹೊಸಬರಿಗೆ ಬುಧವಾರ ಮನೆಯಲ್ಲೇ ಸೋಫಾ ಕೆಳಗೆ ಪಾದ ಸಿಕ್ಕಿಸಿ ಮಾಡಿ ಅನ್ನುತ್ತೇನೆ.

ಶೂ ಬಗ್ಗೆ ಹಟ ಮಾಡುತ್ತೇನೆ. ಅಂಗಡಿಯಲ್ಲಿ ಚೆಂದ ಕಾಣುವ ಅಡಿಯಲ್ಲಿ ಉದ್ದ ಸ್ಟಡ್ಡಿನ ಎಫ್‌ಜಿ (ಫರ್ಮ್ ಗ್ರೌಂಡ್) ಶೂ ಮಾಡಿರುವುದು ನಿಜವಾದ ಹುಲ್ಲಿಗೆ. ಟರ್ಫಿನಲ್ಲಿ ಅದು ಕಚ್ಚಿಕೊಳ್ಳುತ್ತದೆ, ಪಾದ ಅಲ್ಲೇ ನಿಂತು ಮಂಡಿ ತಿರುಗುತ್ತದೆ. ಚಿಕ್ಕ ರಬ್ಬರ್ ಉಬ್ಬುಗಳಿರುವ ಟಿಎಫ್ (ಟರ್ಫ್) ಶೂ ಸಾಕು.

ಸ್ಲೈಡ್ ಟ್ಯಾಕಲ್, ಅಂದರೆ ನೆಲದ ಮೇಲೆ ಜಾರಿಬಂದು ಚೆಂಡು ಕಸಿಯುವುದು, ನಮ್ಮಲ್ಲಿ ಪೂರ್ತಿ ಬಂದ್. ಸೋಮವಾರ ಎಲ್ಲರೂ ಕೆಲಸಕ್ಕೆ ಹೋಗಬೇಕು. ಆಫ್‌ಸೈಡ್ ಇಲ್ಲ, ರೆಫರಿಯೂ ಇಲ್ಲ, ಫೌಲ್ ಅಂತ ಬಿದ್ದವನು ಕೂಗಿದರೆ ಫೌಲ್. ಇದರಲ್ಲಿ ನಾಟಕ ಮಾಡುವ ಒಬ್ಬಿಬ್ಬರು ಇದ್ದೇ ಇರುತ್ತಾರೆ, ಯಾರು ಅಂತ ಎಲ್ಲರಿಗೂ ಗೊತ್ತು.

ಆಗಾಗ ಯಾರದ್ದೋ ಕಾಲೇಜು ಓದುವ ಮಗ ಬಂದು ಸೇರಿಕೊಳ್ಳುತ್ತಾನೆ. ಅವನ ಜೊತೆ ಓಟದ ಸ್ಪರ್ಧೆಗೆ ನಾನು ಇಳಿಯುವುದಿಲ್ಲ. ಎರಡು ಹೆಜ್ಜೆ ದೂರ ನಿಂತು, ಗೋಲಿನ ಕಡೆಯ ದಾರಿ ಮುಚ್ಚಿ, ಟರ್ಫಿನ ಪಕ್ಕದ ಬಲೆಯ ಕಡೆಗೆ ತಳ್ಳುತ್ತಾ ಹೋಗುತ್ತೇನೆ. ಅಲ್ಲಿ ಜಾಗ ಮುಗಿಯುತ್ತದೆ, ಅವನು ತಿರುಗಲೇಬೇಕು, ಅಷ್ಟರಲ್ಲಿ ನಮ್ಮವನೊಬ್ಬ ಬಂದಿರುತ್ತಾನೆ. ಚೆಂಡು ನನಗೆ ಸಿಕ್ಕರೆ ಎರಡೇ ಟಚ್: ಒಂದಕ್ಕೆ ನಿಲ್ಲಿಸುವುದು, ಇನ್ನೊಂದಕ್ಕೆ ಕೊಡುವುದು.

ಮಳೆಗಾಲದಲ್ಲೂ ಆಡುತ್ತೇವೆ. ಒದ್ದೆ ಟರ್ಫಿನ ಮೇಲೆ ಚೆಂಡು ಜಾರಿಕೊಂಡು ಬೇಗ ಬರುತ್ತದೆ, ಆಗ ಪಾಸ್ ಕಾಲಿಗೇ ಕೊಡಬೇಕು, ಮುಂದಕ್ಕೆ ಬಿಟ್ಟರೆ ಸಿಗುವುದಿಲ್ಲ. ಗುಡುಗು ಕೇಳಿಸಿದರೆ ಮಾತ್ರ ಎಲ್ಲರೂ ಶೆಡ್ಡಿನೊಳಗೆ. ಸ್ಲಾಟಿನ ದುಡ್ಡು ವಾಪಸ್ ಬರುವುದಿಲ್ಲ, ಬೇರೆ ದಿನ ಕೊಡುತ್ತಾರೆ, ಅದೂ ಕೇಳಿದರೆ.