ಬಾಡಿಗೆ ಮನೆಗಳ ಕಟ್ಟಡ ಕೊಂಡೆ: ನೋಡಿದ್ದು ಏನು, ರಿಪೇರಿ ಮಾಡಿಸಿದ್ದು ಹೇಗೆ

ಬೆಂಗಳೂರಿನ ವಿಜಯನಗರದ ಕಡೆ ನಾಲ್ಕು ಬಾಡಿಗೆ ಮನೆಗಳಿರುವ ಹಳೇ ಕಟ್ಟಡವೊಂದನ್ನು ಕೊಂಡೆ. ಇಸಿ (ಆಸ್ತಿಯ ಮೇಲೆ ಸಾಲ, ಋಣಭಾರ ಇದೆಯಾ ಎಂದು ತೋರಿಸುವ ಪತ್ರ), ಖಾತೆ, ತೆರಿಗೆ ರಸೀದಿ ಇವನ್ನೆಲ್ಲ ವಕೀಲರು ನೋಡಿದರು. ಕಟ್ಟಡ ನೋಡುವ ಕೆಲಸ ಮಾತ್ರ ನಾನೇ ಹಿಡಿದೆ. ನಮ್ಮಲ್ಲಿ ಪತ್ರಗಳನ್ನು ಅಷ್ಟು ಕೂಲಂಕಷವಾಗಿ ನೋಡುವವರು ಗೋಡೆಯನ್ನು ಸುಮ್ನೆ ಒಂದು ಸುತ್ತು ಹಾಕಿ ಮುಗಿಸಿಬಿಡುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೋಗಿದ್ದು ಅಕ್ಟೋಬರ್‌ನಲ್ಲಿ, ಜೋರು ಮಳೆ ಸುರಿದ ಮಾರನೇ ಬೆಳಿಗ್ಗೆ. ಬೇಕಂತಲೇ ಆ ಹೊತ್ತು ಆರಿಸಿಕೊಂಡೆ. ಮೊದಲು ತಾರಸಿ ಹತ್ತಿದೆ. ನೀರು ಎಲ್ಲಿ ನಿಂತಿದೆ, ಪೈಪಿನ ಬಾಯಿಗೆ ಇಳಿಜಾರು ಇದೆಯಾ, ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯಲ್ಲಿ ಬಿರುಕು ಇದೆಯಾ, ಇಷ್ಟು ನೋಡಿಕೊಂಡು ಸರಿಯಾಗಿ ಅದೇ ಜಾಗದ ಕೆಳಗಿನ ಕೋಣೆಗೆ ಇಳಿದು ಚಾವಣಿ ನೋಡಿದೆ. ಅಲ್ಲಿ ಒಂದು ಕಡೆ ಮಾತ್ರ ಹೊಸ ಬಣ್ಣ ಇತ್ತು. ಅನುಮಾನ ಬರಲ್ವಾ? ಜೊತೆಗಿದ್ದ ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ತಟ್ಟಿದರು, ಟೊಳ್ಳು ಸದ್ದು ಬಂತು. ಒಳಗೆ ಕಂಬಿ ತುಕ್ಕು ಹಿಡಿದರೆ ಅದು ಊದಿಕೊಂಡು ಕಾಂಕ್ರೀಟನ್ನೇ ಒಡೆದು ಹೊರಗೆ ತಳ್ಳುತ್ತದೆ. ಗಾರೆ ಬಿರುಕಿಗೂ ಇದಕ್ಕೂ ರಿಪೇರಿ ಖರ್ಚಿನಲ್ಲಿ ಅಜಗಜಾಂತರ, ಹಾಗಾಗಿ ಅಲ್ಲಿಗೆ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ದುಡ್ಡು ಕೊಟ್ಟು ಕರೆಸಿದೆ. ಚಾವಣಿಯ ಆ ಒಂದು ಕಾಂಕ್ರೀಟ್ ಚಪ್ಪಡಿ ಬಿಟ್ಟರೆ ಉಳಿದದ್ದು ಗಟ್ಟಿ ಎಂದು ಅವರು ಬರೆದುಕೊಟ್ಟರು. ಬೆಲೆ ಮಾತಾಡುವಾಗ ಆ ಕಾಗದವೇ ಕೈ ಹಿಡಿಯಿತು.

ಸಂಪ್ (ನೆಲದಡಿಯ ನೀರಿನ ತೊಟ್ಟಿ) ಸೋರುತ್ತಾ ಎಂದು ನೋಡಲು ರಾತ್ರಿ ನಲ್ಲಿಯನ್ನೂ ಮೋಟಾರನ್ನೂ ಬಂದ್ ಮಾಡಿಸಿ, ನೀರಿನ ಮಟ್ಟವನ್ನು ಕೋಲಿನಲ್ಲಿ ಗುರುತು ಹಾಕಿ, ಬೆಳಿಗ್ಗೆ ಮತ್ತೆ ಅಳೆದೆವು. ವೈರಿಂಗ್ ಹಳೆಯದು, ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗೇ ಲೈನ್ ಕಡಿಯುವ ಸ್ವಿಚ್, ಇರಲೇ ಇಲ್ಲ. ನಾಲ್ಕೂ ಮನೆಯಲ್ಲಿ ಗೀಸರ್ ಇದೆ, ಆದರೆ ಬೆಸ್ಕಾಂ ಬಿಲ್ಲಿನಲ್ಲಿದ್ದ ಮಂಜೂರಾದ ಲೋಡ್ ಅದಕ್ಕೆ ಸಾಲದು.

ಎಲ್ಲಕ್ಕಿಂತ ಜಾಸ್ತಿ ಗೊತ್ತಾದದ್ದು ಬಾಡಿಗೆದಾರರಿಂದ. ಬೇಸಿಗೆಯಲ್ಲಿ ಟ್ಯಾಂಕರ್ ಎಷ್ಟು ಸಲ ಬರುತ್ತೆ, ಯಾವ ಬಚ್ಚಲು ಕಟ್ಟಿಕೊಳ್ಳುತ್ತೆ, ಯಾವ ಗೋಡೆಗೆ ಬೀರು ತಾಗಿಸಿ ಇಡೋಕಾಗಲ್ಲ, ಇದೆಲ್ಲ ಅವರಿಗೇ ಗೊತ್ತು. ಮಾರುವವರು ಪಕ್ಕದಲ್ಲಿ ಇಲ್ಲದಾಗ ಕೇಳಬೇಕು. ಬಾಡಿಗೆದಾರರು ಕೊಟ್ಟ ಅಡ್ವಾನ್ಸ್ ಎಷ್ಟೆಂದು ಕರಾರು ನೋಡಿ ಬರೆದುಕೊಂಡೆ. ಅವರು ಖಾಲಿ ಮಾಡುವಾಗ ಆ ಹಣ ವಾಪಸ್ ಕೊಡಬೇಕಾದವನು ನಾನು, ಆದ್ದರಿಂದ ಅಷ್ಟೂ ಮೊತ್ತವನ್ನು ಖರೀದಿ ಹಣದಲ್ಲಿ ಕಳೆಯಲು ಹೇಳಿ ಕ್ರಯಪತ್ರದಲ್ಲೇ ಬರೆಸಿದೆ.

ರಿಪೇರಿಗೆ ಒಟ್ಟು ಇಷ್ಟು ಎನ್ನುವ ಅಂದಾಜನ್ನು ಒಪ್ಪಲಿಲ್ಲ. ಚದರ ಅಡಿಗೆ ಎಷ್ಟು, ಒಂದು ಕರೆಂಟ್ ಪಾಯಿಂಟ್‌ಗೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಂಡು, ಅದರ ಮೇಲೆ ಇನ್ನೊಂದು 20% ಹಣ ಬೇರೆ ಇಟ್ಟೆ. ಹಳೇ ಗೋಡೆ ಒಡೆದಾಗ ಒಳಗೆ ತುಕ್ಕು ತಿಂದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಸಿಕ್ಕೇ ಸಿಗುತ್ತದೆ. ಮೊದಲು ಅರ್ಥಿಂಗ್ ಮತ್ತು ಆರ್‌ಸಿಸಿಬಿ, ಯಾಕಂದ್ರೆ ಅದು ಜೀವದ ವಿಷಯ, ಅದಕ್ಕೆ ಕಾಯುವ ಮಾತೇ ಇಲ್ಲ. ಆಮೇಲೆ ಆ ಚಪ್ಪಡಿ, ತಾರಸಿ. ಇವೆರಡನ್ನೂ ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ, ವಾಟರ್‌ಪ್ರೂಫಿಂಗ್ ಮೇಲೆ ನೀರು ಕಟ್ಟಿ ನಿಲ್ಲಿಸಿ ಪರೀಕ್ಷೆ ಮಾಡಿದ ಮೇಲೇ ಕೊನೇ ಕಂತು ಕೊಟ್ಟೆ. ಬಚ್ಚಲು ಮನೆಗಳನ್ನು ಒಟ್ಟಿಗೆ ಮುಟ್ಟಲಿಲ್ಲ. ಜನ ವಾಸ ಇರುವ ಮನೆಯಲ್ಲಿ ಬಚ್ಚಲು ಒಡೆದರೆ ಅವರು ಎಲ್ಲಿ ಹೋಗಬೇಕು? ಒಂದೊಂದು ಮನೆ ಖಾಲಿಯಾದ ಹಾಗೆ ಒಂದೊಂದು.

ಆದಾಯ ತೆರಿಗೆಯಲ್ಲಿ ಬಾಡಿಗೆಯಿಂದ ಪಾಲಿಕೆಗೆ ಕಟ್ಟಿದ ಆಸ್ತಿ ತೆರಿಗೆ ಕಳೆದ ಮೇಲೆ ಉಳಿದದ್ದಕ್ಕೆ 30% ಕಡಿತ ಸಿಗುತ್ತದೆ. ರಿಪೇರಿಗೆ ಜಾಸ್ತಿ ಖರ್ಚಾದರೂ ಅಷ್ಟೇ, ಕಡಿಮೆಯಾದರೂ ಅಷ್ಟೇ. ಹಾಗಾಗಿ ಬಿಲ್ಲು ತೋರಿಸಿ ತೆರಿಗೆ ಉಳಿಸುವ ಲೆಕ್ಕ ಬಿಟ್ಟು, ಪ್ರತಿ ತಿಂಗಳ ಬಾಡಿಗೆಯಲ್ಲಿ ಒಂದು ಭಾಗವನ್ನು ರಿಪೇರಿ ಖಾತೆಗೇ ಹಾಕುತ್ತೇನೆ. ಹೊರಗಿನ ಬಣ್ಣವನ್ನು ಮುಂದಿನ ಮಳೆಗಾಲ ಕಳೆದು, ಗೋಡೆ ಎಲ್ಲೂ ಒದ್ದೆಯಾಗಿಲ್ಲ ಎಂದು ಖಾತ್ರಿಯಾದ ಮೇಲೆ ಅದೇ ಖಾತೆಯ ಹಣದಲ್ಲಿ ಹೊಡೆಸಿದೆ.