ಬಂಡೆಯ ಬುಡದಲ್ಲಿ ನಾನು ಹಾಕುವ ಲೆಕ್ಕ

ಶಿಲಾರೋಹಣದ ಅಪಾಯವನ್ನು ಒಂದೇ ಮೊತ್ತವಾಗಿ ಅಳೆಯುವುದನ್ನು ನಾನು ಬಿಟ್ಟಿದ್ದೇನೆ. ಬಂಡೆಯ ಬುಡದಲ್ಲಿ ನಿಂತಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳುತ್ತೇನೆ: ಇಲ್ಲಿ ನಾನು ಬೀಳುವ ಸಂಭವ ಎಷ್ಟು, ಬಿದ್ದರೆ ಏನಾಗುತ್ತದೆ? ಕೌಶಲಕ್ಕೆ ಸಂಬಂಧಿಸಿದ್ದು ಮೊದಲನೆಯದು ಮಾತ್ರ. ವರ್ಷಗಟ್ಟಲೆ ಬೆರಳುಗಳಿಗೆ ಬಲ ತುಂಬಿ, ಪಾದವಿಡುವ ಬಗೆಯನ್ನು ತಿದ್ದಿಕೊಂಡಿದ್ದರೂ, ಹಗ್ಗ ಸಿಕ್ಕಿಸಲು ಬಂಡೆಗೆ ಜಡಿದ ಕೊನೆಯ ಬೋಲ್ಟಿನಿಂದ 5 ಮೀಟರ್ ಮೇಲೆ ಕೈಜಾರಿದವರು ಹಗ್ಗ ಬಿಗಿಯುವ ಮೊದಲು ಕನಿಷ್ಠ 10 ಮೀಟರ್ ಬೀಳುತ್ತಾರೆ. ಆ ಅಂತರದಲ್ಲಿ ಬಂಡೆಯ ಅಂಚೊಂದು ಹೊರಚಾಚಿದ್ದರೆ ಕಾಲು ಮುರಿಯುವುದನ್ನು ಯಾವ ಅನುಭವವೂ ತಡೆಯಲಾರದು.

ಆದ್ದರಿಂದಲೇ, ಹೊರಬಾಗಿದ, ಬೋಲ್ಟುಗಳು ಹತ್ತಿರ ಹತ್ತಿರ ಇರುವ ಗೋಡೆಯಲ್ಲಿ ನನ್ನ ಮಟ್ಟವನ್ನು ಮೀರಿದ ದಾರಿಯನ್ನೂ ಪ್ರಯತ್ನಿಸುತ್ತೇನೆ, ಏಕೆಂದರೆ ಅಲ್ಲಿ ಬಿದ್ದರೆ ಸಾಮಾನ್ಯವಾಗಿ ಗಾಳಿಯಲ್ಲೇ ತೂಗಾಡುತ್ತೇನೆ. ಮೆಟ್ಟಿಲುಗಳಂತಿರುವ ಸುಲಭದ ಬಂಡೆಯಲ್ಲಿ ಮಾತ್ರ ಎರಡು ಪಟ್ಟು ಎಚ್ಚರ ವಹಿಸುತ್ತೇನೆ. ಸುಲಭವೆಂಬ ಭಾವನೆಯಿಂದ ಅಲ್ಲಿ ರಕ್ಷಣೆ (ಹಗ್ಗವನ್ನು ಬಂಡೆಗೆ ಸಿಕ್ಕಿಸುವ ಸಾಧನ) ಹಾಕದೆ ಮುಂದೆ ಸಾಗುವ ಅಭ್ಯಾಸ ನುರಿತವರಲ್ಲೂ ಇದೆ, ಮತ್ತು ಅದು ತಪ್ಪು ಲೆಕ್ಕವೆಂದೇ ನನ್ನ ದೃಢವಾದ ಅಭಿಪ್ರಾಯ.

ಬಿದ್ದ ದೂರವನ್ನು ಜೊತೆಗಾರರ ಕೈಯಿಂದ ಹೊರಬಂದಿರುವ ಹಗ್ಗದ ಉದ್ದದಿಂದ ಭಾಗಿಸಿದಾಗ ಬರುವ ಸಂಖ್ಯೆ ದೊಡ್ಡದಾದಷ್ಟೂ ಹೊಡೆತ ಹೆಚ್ಚುತ್ತದೆ. ಎತ್ತರದ ಗೋಡೆಯ ಮಧ್ಯದ ನಿಲ್ದಾಣದಿಂದ ಹೊರಟು, ಮೊದಲ ರಕ್ಷಣೆಗೆ ಮುನ್ನವೇ ಜಾರಿ ಬಿಲೇ ಮಾಡುವ, ಅಂದರೆ ಹಗ್ಗ ಹಿಡಿದು ಕಾಯುವ, ಜೊತೆಗಾರರನ್ನು ದಾಟಿ ಕೆಳಗೆ ಬಿದ್ದರೆ ಅದು 2ನ್ನು ಮುಟ್ಟಬಹುದು. ಅಂಥಲ್ಲಿ ಹಗ್ಗ ಎಷ್ಟೇ ಉದ್ದವಿದ್ದರೂ ಪ್ರಯೋಜನವಿಲ್ಲ. ಹಾಗಾಗಿ ನಿಲ್ದಾಣ ಬಿಟ್ಟ ಕೂಡಲೇ ಮೊದಲ ರಕ್ಷಣೆಯನ್ನು ಹಾಕುತ್ತೇನೆ, ಹಿಡಿತಗಳು ಎಷ್ಟೇ ದೊಡ್ಡದಿರಲಿ.

ಸಿದ್ಧತೆಯ ವಿಷಯ ಬಂದಾಗ ಅಮೆರಿಕದ ಆರೋಹಿ ಅಲೆಕ್ಸ್ ಹೊನ್ನಾಲ್ಡ್ ಅವರ ಹೆಸರು ಬಂದೇ ಬರುತ್ತದೆ. 2017ರ ಜೂನ್ 3ರಂದು ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿರುವ ಎಲ್ ಕ್ಯಾಪಿಟನ್ ಬಂಡೆಯ ಸುಮಾರು 900 ಮೀಟರ್ ಎತ್ತರದ ಗೋಡೆಯನ್ನು ಅವರು ಹಗ್ಗವಿಲ್ಲದೆ ಏರಿದರು. ಅದಕ್ಕೂ ಮೊದಲು ಹಗ್ಗ ಕಟ್ಟಿಕೊಂಡು ಕಠಿಣ ಚಲನೆಗಳನ್ನು ಮತ್ತೆ ಮತ್ತೆ ರೂಢಿಸಿಕೊಂಡಿದ್ದರು. 2016ರಲ್ಲಿ ಆರಂಭಿಸಿದ ಒಂದು ಪ್ರಯತ್ನವನ್ನು ಮನಸ್ಸು ಒಪ್ಪದ ಕಾರಣ ನಡುವೆಯೇ ಕೈಬಿಟ್ಟಿದ್ದರು. ಆ ಹಿಂತಿರುಗುವಿಕೆಯನ್ನು ನಾನು ಬಹಳವಾಗಿ ಗೌರವಿಸುತ್ತೇನೆ. ಆದರೂ ಅವರ ಸಿದ್ಧತೆ ಕಡಿಮೆ ಮಾಡಿದ್ದು ಬೀಳುವ ಸಂಭವವನ್ನೇ ಹೊರತು ಬಿದ್ದರೆ ತೆರಬೇಕಾದ ಬೆಲೆಯನ್ನಲ್ಲ, ಆ ಬೆಲೆಗೆ ನಾನು ಸಿದ್ಧನಿಲ್ಲ.

ಕೌಶಲ ಮುಟ್ಟದ ಇನ್ನೊಂದು ಅಪಾಯವೆಂದರೆ ಮರೆವು. ಜಗತ್ತಿನ ಅಗ್ರ ಆರೋಹಿಗಳಲ್ಲಿ ಒಬ್ಬರಾದ ಲಿನ್ ಹಿಲ್ 1989ರಲ್ಲಿ ಫ್ರಾನ್ಸಿನಲ್ಲಿ ಹಗ್ಗದ ಗಂಟನ್ನು ಪೂರ್ತಿ ಹಾಕದೆ ಏರಿ, 20 ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದು ಬದುಕಿದರು. ನಾನೂ ಜೊತೆಗಾರರೂ ಪ್ರತಿ ಸಲ ಒಬ್ಬರ ಗಂಟನ್ನು ಇನ್ನೊಬ್ಬರು ಕೈಯಿಂದ ಮುಟ್ಟಿ ನೋಡುತ್ತೇವೆ.

ಉರುಳುವ ಕಲ್ಲಿಗೂ ಸಿಡಿಲಿಗೂ ನನ್ನ ಮುಖ್ಯ ಮದ್ದು ಸಮಯ. ಹಿಂತಿರುಗುವ ಗಂಟೆಯನ್ನು ಬುಡದಲ್ಲೇ ಗೊತ್ತುಮಾಡುತ್ತೇವೆ. ಇಬ್ಬರಲ್ಲಿ ಯಾರೇ ಅದನ್ನು ನೆನಪಿಸಿದರೂ ಕಾರಣ ಕೇಳದೆ ಇಳಿಯುವುದು ನಮ್ಮ ಒಪ್ಪಂದ.